ತಾನಾಗಿ ಬೆಳೆದ ಜೋಳ

ಊರಿನ ಹೆಸರು ಹೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಣ್ಣ ಪೇಟೆಗಳ ನಗರ ಯೋಜನೆಯ ಕೆಲಸವೆಲ್ಲ ಆಗ ನನ್ನೊಬ್ಬಳ ತಲೆಯ ಮೇಲಿತ್ತು. ಅವುಗಳಲ್ಲಿ ಒಂದು ಅಂದುಕೊಳ್ಳಿ. ಹೆಸರು ಹೇಳಿದರೆ ಗೌಡರು ಯಾರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅವರು ಇವತ್ತಿಗೂ ಆ ಊರ ರಸ್ತೆಯಲ್ಲಿ ಬೈಕಿನ ಮೇಲೆ ಓಡಾಡುವ ಮನುಷ್ಯ.

ಆ ವರ್ಷದ ಮೊದಲ ದೊಡ್ಡ ಮಳೆಗೆ ಊರ ಹಳ್ಳ ಉಕ್ಕಿ ಕೆಳಗಿನ ಓಣಿಗೆ ನುಗ್ಗಿತು. ಹಳ್ಳ ಉಕ್ಕುವುದು ಹೊಸದಲ್ಲ. ಮೊದಲೆಲ್ಲ ಅದು ಉಕ್ಕಿದರೆ ಮೇಲಿನ ಎರೆ ಹೊಲಗಳಲ್ಲಿ ಹರಡಿ, ನಿಂತು, ನಿಧಾನಕ್ಕೆ ಇಳಿಯುತ್ತಿತ್ತು. ಈಗ ಆ ಹೊಲಗಳಿಗೆ ಮೊರಂ ಮಣ್ಣು ತುಂಬಿ ಎತ್ತರ ಮಾಡಿ ಬಡಾವಣೆ ಎಬ್ಬಿಸಿದ್ದಾರೆ. ನೀರಿಗೆ ಕೂಡಲು ಜಾಗವಿಲ್ಲದೆ ಅದು ಓಣಿಗೆ ಬಂದು ಕೂತಿತು. ನಮ್ಮ ಹಳೆಯ ನಕ್ಷೆಯಲ್ಲಿ ಈ ಹಳ್ಳ ಒಂದು ಸಣ್ಣ ನೀಲಿ ಗೆರೆ, ಅಷ್ಟೇ. ಅದು ಎಷ್ಟು ಅಗಲಕ್ಕೆ ಹರಡುತ್ತದೆ ಅಂತ ನಕ್ಷೆ ಬರೆದವರು ಯಾರನ್ನೂ ಕೇಳಿರಲಿಲ್ಲ.

ಜನ ಪುರಸಭೆ ಕಚೇರಿಯ ಮುಂದೆ ಬಂದು ಕೂತರು. ಆಮೇಲೆ ಪುರಸಭೆ ಠರಾವು ಮಾಡಿತು: ಹೊಸ ಮಾಸ್ಟರ್ ಪ್ಲ್ಯಾನ್ ತಯಾರಾಗುವ ತನಕ ಹೊಸ ವಸತಿ ಬಡಾವಣೆಗೆ ಮಂಜೂರಾತಿ ಇಲ್ಲ. ಒಂದೇ ಒಂದು ವಿನಾಯಿತಿ ಇಟ್ಟರು. ಠರಾವಿಗೆ ಮುಂಚೆಯೇ ಬೇಸಾಯ ಬಿಟ್ಟು ಬಡಾವಣೆಯ ಕೆಲಸ ಶುರು ಮಾಡಿದವರಿಗೆ ತಡೆ ಇಲ್ಲ. ಆದರೆ ಕೊನೆಯ ಆದೇಶ ಆಗುವವರೆಗೆ ಆ ಜಮೀನಿನಲ್ಲಿ ಮತ್ತೆ ಬೇಸಾಯ ನಡೆದಿರಬಾರದು. ಅದನ್ನು ಎರಡು ಸಲ ಸ್ಥಳಕ್ಕೆ ಹೋಗಿ ನೋಡಿ ಪಂಚನಾಮೆ ಬರೆಯುವ ಕೆಲಸ ನನ್ನದು.

ಮರುದಿನದಿಂದ ಫೋನು. ತಡೆ ಬೇಡ ಅಂತ ಒಬ್ಬನೂ ಅನ್ನಲಿಲ್ಲ. "ಚಲೋ ಕೆಲಸ ಮಾಡೀರಿ ಮೇಡಮ್ರಿ. ನಮ್ದೊಂದು ಬಿಟ್ಟು ಬಾಕಿದೆಲ್ಲ ಬಂದ್ ಮಾಡ್ರಿ," ಅಂತಲೇ ಎಲ್ಲರೂ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಒಬ್ಬರಿಗಂತೂ, "ನಿಮ್ದೇ ಮೊದಲು ಬಂದ್ ಮಾಡ್ತೇನಿ, ನೋಡ್ತಿರ್ರಿ," ಅಂದುಬಿಟ್ಟೆ. ಅವರು ಆಮೇಲೆ ನನ್ನ ಮೇಲಿನವರಿಗೆ ಫೋನು ಮಾಡಿದರು. ಪುರಸಭೆಯ ಮುಖ್ಯಾಧಿಕಾರಿಗಳು ನನ್ನನ್ನು ಕರೆದು, "ಮೇಡಂ, ಬಾಯಿಗೆ ಜರಾ ಬೀಗ ಹಾಕ್ರಿ," ಅಂದರು.

ವಿನಾಯಿತಿಗೆ ಬಂದ ಅರ್ಜಿಗಳಲ್ಲಿ ಒಂದೇ ಒಂದು ನನ್ನ ಎದೆಗೆ ಕಲ್ಲಾಗಿ ಕೂತದ್ದು. ಅದು ಗೌಡರದು. ಸೇತುವೆಯ ಮಗ್ಗುಲಲ್ಲಿ ಹಳ್ಳ ಮೊಣಕೈಯಂತೆ ಬಾಗುತ್ತದೆ, ಆ ಬಾಗಿನಲ್ಲಿ ಅವರ ಹೊಲ. ಮೇಲಿನ ಹೊಲಗಳೆಲ್ಲ ತುಂಬಿಹೋದ ಮೇಲೆ ನೀರು ಹರಡಲು ಉಳಿದ ಜಾಗ ಅದೊಂದೇ. ಅದಕ್ಕೂ ಮೊರಂ ತುಂಬಿದರೆ ಮುಂದಿನ ಮಳೆಗೆ ನೀರೆಲ್ಲ ನೇರವಾಗಿ ಕೆಳಗಿನ ಓಣಿಗೆ.

ಆ ಓಣಿಯ ಮೊದಲ ಮನೆಯಲ್ಲಿ ನನ್ನ ರೊಟ್ಟಿಯ ಅಕ್ಕ ಇರುತ್ತಾಳೆ. ಕೊಳಕೂರಿನಿಂದ ಸೊಸೆಯಾಗಿ ಬಂದವಳು, ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಾಳೆ. ನಾನು ಸರಸಂಬಾ ಕಡೆಯವಳು; ಒಬ್ಬಳೇ ಇರುವ ನನಗೆ ಮಧ್ಯಾಹ್ನದ ಊಟ ಅವಳಲ್ಲೇ. ಅವಳ ಅತ್ತೆ ಹಾಸಿಗೆ ಹಿಡಿದ ಮುದುಕಿ. ನೀರು ಬಂದ ದಿನ ಆಕೆಯನ್ನು ನಾಲ್ಕು ಜನ ಹಾಸಿಗೆ ಸಮೇತ ಎತ್ತಿ, ಖಾನಾವಳಿಯಿಂದ ಮನೆಗೆ ತಂದ ಮೇಜಿನ ಮೇಲೆ ಮಲಗಿಸಿದ್ದರು. ನೀರು ಮೇಜಿನ ಹಲಗೆಗೆ ತಾಗಿ ನಿಂತಿತ್ತಂತೆ.

"ಬಾಯಾರ, ಆ ಹೊಲಕ್ಕ ಮಣ್ಣು ಹಾಕಿದ್ರ ಬರೂ ಮಳಿಗಾಲ ನಮ್ಮತ್ತೀನ ಎಲ್ಲಿ ಮಲಗಸ್ಲಿ?" ಅಂತ ಅವಳು ಒಂದು ಸಲ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ತಾಟಿಗೆ ಬಿಸಿ ರೊಟ್ಟಿ ಹಾಕಿ ಸುಮ್ಮನೆ ನಿಂತು ನನ್ನ ಮುಖ ನೋಡುತ್ತಿದ್ದಳು. ಕೇಳಿದ್ದರೇ ಚೆನ್ನಾಗಿತ್ತು.

ಮೊದಲ ಸ್ಥಳ ಪರಿಶೀಲನೆಗೆ ಶ್ರಾವಣದ ಕೊನೆಯಲ್ಲಿ ಹೋದೆ. ಹೊಲ ಬೋಳಾಗಿತ್ತು. ಸಾಲಾಗಿ ಗುರುತು ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ರಸ್ತೆಯ ಕಡೆ ಒಂದಿಷ್ಟು ಮೊರಂ ಸುರಿದಿದ್ದರು, ಹಸಿರು ಪರದೆ ಕಟ್ಟಿ ದೊಡ್ಡ ಫಲಕ ನಿಲ್ಲಿಸಿದ್ದರು. ಕಲ್ಲು ಮುಟ್ಟಿದರೆ ಸುಣ್ಣ ಕೈಗೆ ಹತ್ತಿತು. ಅಂದರೆ ಠರಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ನೆಟ್ಟದ್ದು ಅಂತ ನನ್ನ ಗುಮಾನಿ. ಗುಮಾನಿಯನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ.

ನಕ್ಷೆ ಮಾಡುವ ಕಂಪನಿಯ ಎಂಜಿನಿಯರ್ ಉಪಗ್ರಹದ ಚಿತ್ರ ತೆಗೆದು ತೋರಿಸಿದ. "ನೋಡಿ ಮೇಡಂ, ಹಿಂದಿನ ವರ್ಷದ ಆಗಸ್ಟಿನಲ್ಲೂ ಬೋಳು, ಅದರ ಹಿಂದಿನ ಆಗಸ್ಟಿನಲ್ಲೂ ಬೋಳು. ಬೇಸಾಯ ನಿಂತು ಕಾಲವಾಗಿದೆ." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಕಡೆ ಹಿಂಗಾರಿ ಬಿತ್ತುವ ಎರೆ ಹೊಲ ಮಳೆಗಾಲದಲ್ಲಿ ಬೋಳಾಗಿಯೇ ಇರುತ್ತದೆ. ಮಳೆ ಕುಡಿಸಿ, ಹಸಿ ಹಿಡಿಸಿ, ಆಮೇಲೆ ಜೋಳ ಬಿತ್ತುವುದು. ಚಳಿಗಾಲದ ಚಿತ್ರ ಕೊಡಿ ಅಂದೆ. ಅವರು ಕೊಂಡದ್ದು ಮಳೆಗಾಲದ ಚಿತ್ರ ಮಾತ್ರವಂತೆ. ಬೇರೆ ತರಿಸಲು ಬರೆದೆ. ಮುಖ್ಯಾಧಿಕಾರಿಗಳು ಅಗತ್ಯವಿಲ್ಲ ಅಂತ ವಾಪಸು ಕಳಿಸಿದರು. ಕಡೆಗೆ ಕಣ್ಣಿಗೆ ಕಂಡದ್ದನ್ನೇ ಬರೆದೆ: ಬೆಳೆ ಇಲ್ಲ, ಕಲ್ಲು ಇವೆ.

ವಿಚಾರಣೆಯ ದಿನ ರೊಟ್ಟಿಯ ಅಕ್ಕ ತಕರಾರು ಹೇಳಲು ಬಂದಿದ್ದಳು. ಗೌಡರು ಬಿಳಿ ಅಂಗಿ, ಬಿಳಿ ಧೋತರ, ಹಣೆಗೆ ವಿಭೂತಿ. ಕಲಬುರಗಿಯಲ್ಲಿರುವ ಮಗ ಪಕ್ಕದಲ್ಲಿ. ಪ್ಲಾಟಿನ ಹುಕಿ ಮಗನದು. ಅದು ಇಡೀ ಊರಿಗೆ ಗೊತ್ತು.

"ಹಳ್ಳದ ದಂಡಿಗೆ ಮನಿ ಕಟ್ಟಿದವ್ರು ನೀರು ಬಂತು ಅಂತ ಅಳೂದೇನ್ರಿ?" ಅಂದರು ಗೌಡರು.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. "ನಾವು ಕಟ್ಟಿದಾಗ ಹಳ್ಳ ಹಳ್ಳದಾಗೇ ಇತ್ರಿ ಗೌಡ್ರ. ಅದನ್ನ ನಮ್ಮನಿಗೆ ಅಟ್ಟಿದವ್ರು ನೀವೆಲ್ಲ."

"ನಾ ಯಾವಾಗ ಅಟ್ಟೇನಿ? ನನ್ನ ಹೊಲ ಇನ್ನಾ ಹೊಲಾನೇ ಅದ..." ಅನ್ನುವಷ್ಟರಲ್ಲಿ ಮಗ ಅವರ ಕೈ ಹಿಸುಕಿದ. ಗೌಡರು ಕೆಮ್ಮಿ ಕೂತರು. ಮುಖ್ಯಾಧಿಕಾರಿಗಳು ಕೇಳಿಸಿಕೊಳ್ಳದವರಂತೆ ಕಾಗದ ಮಗುಚಿ, "ಎಲ್ಲ ಸರಿ ಅದ. ಕಡೀ ಪರಿಶೀಲನಿ ಒಂದು ಆದ್ರ ಆದೇಶ ಮಾಡಿಬಿಡೂಣು," ಅಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಆ ಕೊನೆಯ ಪರಿಶೀಲನೆಯನ್ನು ನಾನೇ ಮುಂದೂಡುತ್ತ ಹೋದೆ. ಅಫಜಲಪುರ ಕಡೆ ಸರ್ವೇ ಇತ್ತು, ಆಳಂದ ಕಡೆ ಸಭೆ ಇತ್ತು, ನೆಪಕ್ಕೇನು ಕಮ್ಮಿ. ಹೋಗಿ ನೋಡಿದರೆ ಅದೇ ಬೋಳು ಹೊಲ, ಅದೇ ಕಲ್ಲು; ನಾನೇ ನನ್ನ ಕೈಯಾರೆ ಬರೆದುಕೊಡಬೇಕು. ಈ ನಡುವೆ ಹಸ್ತಾ ಮಳೆ, ಚಿತ್ತಾ ಮಳೆ ಎರಡೂ ಭರ್ಜರಿಯಾಗಿ ಬಿದ್ದವು. ಓಣಿಗೆ ನೀರು ಬರುವಷ್ಟಲ್ಲ, ನೆಲ ತಣಿಯುವಷ್ಟು. ರೈತರ ಮುಖದಲ್ಲಿ ಕಳೆ ಬಂತು. ನನಗೆ ಅದರ ಪರಿವೆಯೇ ಇರಲಿಲ್ಲ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಗೌಡರೇ ಕಚೇರಿಗೆ ಬಂದರು. ನನ್ನ ಮೇಜಿನ ಮುಂದೆ ನಿಂತು, "ಮೇಡಮ್ರಿ, ನಾಳಿ ಅಮಾಸಿ. ಹೊಲಕ್ಕ ಊಟಕ್ಕ ಬರಬೇಕ್ರಿ. ಸಾಹೇಬ್ರಿಗೂ ಹೇಳೇನಿ," ಅಂದರು.

"ಯಾವ ಹೊಲಕ್ರಿ ಗೌಡ್ರ?"

"ಯಾವ ಹೊಲ ಅಂದ್ರ? ನನಗೆಷ್ಟು ಹೊಲ ಅವ? ಸೇತುವಿ ಬಾಜೂಕಿನ ಹೊಲ." ಹೀಗೆ ಹೇಳಿ ಎದುರಿನ ಮೇಜಿನವನನ್ನು ಕರೆಯಲು ಹೋದರು.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲ ಇದ್ದವರು ಇಲ್ಲದವರನ್ನೆಲ್ಲ ಕರೆಯುತ್ತಾರೆ. ಹೊಲದ ಸುತ್ತ ನಡೆದು ಅಡುಗೆಯ ಪಾಲನ್ನು ಬೆಳೆಗೆ ಎರಚಿ ಚರಗ ಚೆಲ್ಲುತ್ತಾರೆ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ಕರೆಯದೆ ಇರುವುದು ಸಣ್ಣತನ, ಹೋಗದೆ ಇರುವುದು ಸೊಕ್ಕು. ಆದರೆ ಬಡಾವಣೆ ಅಂತ ಬರೆದುಕೊಟ್ಟ ಜಾಗದಲ್ಲಿ ಚರಗ ಯಾವುದಕ್ಕೆ ಚೆಲ್ಲುತ್ತಾರೆ? ಮುಖ್ಯಾಧಿಕಾರಿಗಳಿಗೆ ಇದ್ಯಾವುದೂ ಹೊಳೆಯಲಿಲ್ಲ. ಅವರು ಪೇಟೆಯಲ್ಲೇ ಬೆಳೆದವರು, ಊಟದ ಆಸೆಯವರು. "ಚಲೋ ಆತು. ಕಾಗದ ಜೀಪಿನಾಗ ಇಟಗೋರಿ. ಊಟನೂ ಆಗ್ತದ, ಕಡೀ ಪಂಚನಾಮೀನೂ ಮುಗೀತದ," ಅಂದರು.

ಹಸಿರು ಪರದೆ ಸರಿಸಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

ಎದೆಮಟ್ಟ ಜೋಳ. ಅಂಚಿಗೆ ಕುಸುಬೆ. ಸಾಲು ಸಾಲಾಗಿ, ಹಳ್ಳದ ದಂಡೆಯ ತನಕ. ಸಾಲುಗಳ ಸಂದಿನಲ್ಲಿ ಗುರುತು ಕಲ್ಲುಗಳ ಸುಣ್ಣ ಮಾತ್ರ ಕಾಣುತ್ತಿತ್ತು. ಬೇವಿನ ಗಿಡದ ಕೆಳಗೆ ಪೂಜೆಗೆ ಪಾಂಡವರು ಅಂತ ಐದು ಕಲ್ಲು ಕೂರಿಸಿದ್ದರು. ಅವೂ ಕಿತ್ತು ತಂದ ಗುರುತು ಕಲ್ಲುಗಳೇ. ಸುಣ್ಣ ಹೇಗೂ ಬಳಿದದ್ದೇ ಇತ್ತಲ್ಲ, ಮೇಲೆ ಕುಂಕುಮ ಹಚ್ಚಿದ್ದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಮುಖ್ಯಾಧಿಕಾರಿಗಳ ಮುಖ ನೋಡಿದೆ, ನಗು ಹೋಯಿತು.

ಗೌಡರ ಮಗ ನಮ್ಮ ಹಿಂದೆಯೇ ಕಾರಿನಿಂದ ಇಳಿದು ಬಂದ. ಅವನಿಗೂ ಇದು ಹೊಸ ಸುದ್ದಿ. "ಅಪ್ಪಾ, ಇದೇನ್ ಮಾಡಿಟ್ಟೀ?" ಅಂದ. ದನಿ ಕೀರಲಾಗಿತ್ತು.

"ಹಸ್ತಾ ಮಳಿ ಹಂಗ ಬಿತ್ತಲ್ಲೋ. ಹಸಿ ನೋಡಿ ಸುಮ್ನ ಕೂಡಾಕ ಆಗಲಿಲ್ಲ," ಅಂದರು ಗೌಡರು, ಮಳೆಯದೇ ತಪ್ಪು ಅನ್ನುವ ಹಾಗೆ. "ಒಂದ್ ಬೆಳಿ ತಕ್ಕೊಂಡ್ರ ಕಲ್ಲೇನು ಓಡಿ ಹೋಗ್ತಾವೇನು? ಸುಗ್ಗಿ ಆದ ಮ್ಯಾಲ ಪ್ಲಾಟ್ ಮಾಡ್ರಿ. ಬರ್ರಿ, ಕೂಡ್ರಿ, ಮೊದಲ ಊಟ."

ಗೌಡರ ಹೆಂಡತಿ, ಗೌಡಸಾನಿ, ತಾಟು ಇಟ್ಟೇಬಿಟ್ಟರು. ಸಜ್ಜೆ ರೊಟ್ಟಿ, ಹತ್ತಾರು ಕಾಳು ಕಾಯಿಪಲ್ಯ ಕೂಡಿಸಿ ಬೇಯಿಸಿದ ಭಜ್ಜಿ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ. ಹಸಿವಾಗಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲ. ತಾಟಿಗೆ ಕೈ ಹಾಕಿದರೆ ಆಮೇಲೆ ಈ ಮನೆಯ ವಿರುದ್ಧ ನನ್ನ ಪೆನ್ನು ಏಳುವುದಿಲ್ಲ. ಏಳದಿದ್ದರೆ ರೊಟ್ಟಿಯ ಅಕ್ಕನ ಮುಖ ನೋಡುವುದು ಹೇಗೆ? ಎದ್ದು ನಿಂತೆ.

"ಗೌಡ್ರ, ಉಂಡ ಮನಿ ಜಂತಿ ಎಣಸಬಾರದಂತಾರ. ನಿಮ್ಮ ಹೊಲಕ್ಕ ಜಂತಿ ಇಲ್ಲ, ಖರೇ. ಆದ್ರೂ ನಾ ಬರದ ಮ್ಯಾಲ ಉಣತೇನಿ."

ಊಟಕ್ಕೆ ಕೂತವರೆಲ್ಲ ಕೈ ತಡೆದು ನೋಡಿದರು. ಹಬ್ಬದ ದಿನ ಬಡಿಸಿದ ತಾಟು ಬಿಟ್ಟೇಳುವುದು ಸಣ್ಣ ಮಾತಲ್ಲ. ಗೌಡಸಾನಿಯ ಕೈಯಲ್ಲಿ ಕಡಬಿನ ಸೌಟು ಹಾಗೇ ನಿಂತಿತು. ಗೌಡರು ಉಳಿದ ಚರಗದ ಬುಟ್ಟಿ ಹೆಗಲಿಗೇರಿಸಿ ಬದುವಿನ ಕಡೆ ನಡೆದರು.

ಮುಖ್ಯಾಧಿಕಾರಿಗಳು ನನ್ನನ್ನು ಜೀಪಿನ ಹಿಂದಕ್ಕೆ ಕರೆದರು. ಮಗನೂ ಬಂದ.

"ಇದಕ್ಕ ದಾರಿ ಅದ ಮೇಡಂ," ಅಂದರು ಮುಖ್ಯಾಧಿಕಾರಿಗಳು ತಗ್ಗಿದ ದನಿಯಲ್ಲಿ. "ತಾನಾಗಿ ಬೆಳೆದದ್ದು ಅಂತ ಬರೀರಿ. ಹಿಂದಿನ ಸುಗ್ಗಿ ಕಾಳು ಉದುರಿ ಹುಟ್ಟಿದ್ದು. ಹುಟ್ಟೂದಿಲ್ಲೇನು?"

"ಹಿಂಗ ಸಾಲು ಹಿಡಿದು ಹುಟ್ಟೂದಿಲ್ರಿ ಸರ್."

"ಸಾಲು ಯಾರು ನೋಡ್ತಾರ?"

"ನಾ ನೋಡೇನಲ್ರಿ."

ಅವರ ಮುಖ ಬಿಗಿಯಿತು. "ನಿಮ್ಮ ಗುಪ್ತ ವರದಿ ಬರಿಯವ ನಾನು, ನೆನಪಿರ್ಲಿ," ಅಂತ ಹಾಳೆ ನನ್ನ ಕೈಯಿಂದ ಕಿತ್ತುಕೊಂಡು, ಜೀಪಿನ ಬಾನೆಟ್ಟಿನ ಮೇಲಿಟ್ಟು ತಾವೇ ಬರೆದರು. ಬರೆದು ನನ್ನ ಮುಂದೆ ಹಿಡಿದರು. "ಹಾಕ್ರಿ ಸಹಿ."

ಸುಳ್ಳೇಕೆ ಹೇಳಲಿ, ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸು ಬರಲಿಲ್ಲ. ಒಂದಿಷ್ಟು ಹೊತ್ತು ಸಿಕ್ಕರೆ ಸಾಕಾಗಿತ್ತು. ಪಂಚನಾಮೆಗೆ ಒಂದು ನಿಯಮವಿದೆ: ಸಹಿಗೆ ಮುಂಚೆ ಜಮೀನಿನವರಿಗೆ ಓದಿ ಹೇಳಬೇಕು. ಯಾರೂ ಓದುವುದಿಲ್ಲ. 'ಓದಿ ಹೇಳಲಾಗಿದೆ' ಅಂತ ಕೆಳಗೆ ಬರೆದು ಮುಗಿಸುತ್ತೇವೆ, ನಾನೂ ಹಾಗೇ ಮಾಡಿಕೊಂಡು ಬಂದವಳು.

"ಗೌಡ್ರಿಗೆ ಓದಿ ಹೇಳಬೇಕ್ರಿ ಸರ್, ನಿಯಮ ಅದ," ಅಂದವಳೇ ಹಾಳೆ ಹಿಡಿದು ಬದುವಿಗೆ ಹೋದೆ. ಗೌಡರು ಸಿಟ್ಟಾಗುತ್ತಾರೆ ಅಂತ ಲೆಕ್ಕ ಹಾಕಿ ಹೋದೆ ಅಂದರೆ ಅದು ಬಡಾಯಿ.

ಗಟ್ಟಿಯಾಗಿ ಓದಿದೆ. "ಸದರಿ ಜಮೀನಿನಲ್ಲಿ ತಾನಾಗಿ ಬೆಳೆದ ಜೋಳದ ಗಿಡಗಳು ಅಲ್ಲಲ್ಲಿ ಕಂಡುಬಂದಿದ್ದು, ಬೇಸಾಯ ಮಾಡಿದ ಯಾವುದೇ ಕುರುಹು ಇರುವುದಿಲ್ಲ."

ಚರಗ ಎರಚುತ್ತಿದ್ದ ಕೈ ನಿಂತಿತು.

"ಏನಂದಿ? ಮತ್ತೊಮ್ಮಿ ಓದು."

ಮತ್ತೊಮ್ಮೆ ಓದಿದೆ. ಗೌಡರು ಬುಟ್ಟಿ ಇಳಿಸಿದರು.

"ತಾನಾಗಿ? ತಾನಾಗಿ ಬೆಳೆದದ? ಯಾವ ಮಗ ಹೇಳ್ದ?" ಅವರ ದನಿಗೆ ಆಚೆ ಹೊಲದವರೂ ಎದ್ದು ನಿಂತರು. "ಅಲ್ಲಲ್ಲಿ ಅಂತ! ಕಣ್ಣಾಗ ಮಣ್ಣು ಬಿದ್ದದೇನು? ಸಾಲು ನೋಡು ಬೇ, ದಾರ ಹಿಡದಂಗ ಅವ. ನಮ್ಮ ಕೂರಿಗಿ ಮಾರಿಬಿಟ್ಟಿದ್ದೆ. ನೆಲೋಗಿ ಬೀಗರ ಕೂರಿಗಿ ತಂದು, ನಾನೇ ಹಿಂದ ನಿಂತು ಬಿತ್ತೇನಿ. ಎರಡು ಸಲ ಎಡಿ ಹೊಡದು ಕಸ ತಗದೇನಿ. ಕುರುಹು ಇಲ್ಲಂತ ಕುರುಹು!"

ಮಗ ಓಡಿ ಬಂದ. "ಅಪ್ಪಾ, ಅದು ಕಾಗದದ ಮಾತು. ಒಂದು ಸಹಿ ಹಾಕು, ಕೆಲಸ ಆಗ್ತದ."

"ಥೂ! ನಾಳಿ ಮಂದಿ ಏನಂತಾರ? ಗೌಡನ ಹೊಲದಾಗ ಜ್ವಾಳ ಕಸದಂಗ ತಾನೇ ಹುಟ್ಟಿತ್ತು, ಅಂವ ಕುಂತು ನೋಡಿದ ಅಂತಾರ. ಅಮಾಸಿ ದಿನ, ಬೆಳಿ ಮುಂದ ನಿಂತು ಇದಕ್ಕ ಸಹಿ ಹಾಕ್ಲಿ?"

ಅವರ ಸಿಟ್ಟಿನ ಮೇಲೆ ಸವಾರಿ ಮಾಡಿ, ಬಿತ್ತಿದ್ದು ಅಂತ ಬರೆದು ಆಗಲೇ ಸಹಿ ಹಾಕಿಸಿಕೊಳ್ಳಬಹುದಿತ್ತು. ಅದು ನನ್ನಿಂದಾಗಲಿಲ್ಲ. ಮನುಷ್ಯ ಏನು ಕಳೆದುಕೊಳ್ಳುತ್ತಿದ್ದಾನೆ ಅಂತ ತಿಳಿದು ಕಳೆದುಕೊಳ್ಳಲಿ.

"ಗೌಡ್ರ, ಸಿಟ್ಟು ಬಾಜೂಕ್ಕ ಇಟ್ಟು ಕೇಳ್ರಿ," ಅಂದೆ. "ಬಿತ್ತೇನಿ ಅಂತ ಬರದ್ರ ವಿನಾಯಿತಿ ಹೋತು. ಸುಗ್ಗಿ ಆದ ಮ್ಯಾಲೂ ಪ್ಲಾಟ್ ಮಾಡಾಕ ಬರಂಗಿಲ್ಲ. ಹೊಸ ಪ್ಲ್ಯಾನಿನಾಗ ಈ ಜಾಗಾ ಹಳ್ಳದ ನೀರಿಗೆ ಅಂತಾದ್ರ ಮುಂದೆಂದೂ ಬರಂಗಿಲ್ಲ. ವಿಚಾರ ಮಾಡಿ ಹೇಳ್ರಿ."

ಮಗ ಗೌಡರ ತೋಳು ಹಿಡಿದು ಏನೇನೋ ಪಿಸುಗುಟ್ಟುತ್ತಿದ್ದ. ಮುಖ್ಯಾಧಿಕಾರಿಗಳು ದೂರದಿಂದ ಕೈ ಮಾಡಿ ಸಾಕು ಬಾ ಅನ್ನುತ್ತಿದ್ದರು. ಗೌಡರು ಒಂದು ತೆನೆ ಬಗ್ಗಿಸಿ ಹಾಲುಗಾಳು ಒತ್ತಿ ನೋಡಿದರು, ಬಿಟ್ಟರು.

"ಬಿತ್ತೇನಿ ಅಂತ ಬರಿ," ಅಂದರು.

ಹೊಸ ಹಾಳೆ ತೆಗೆದು ಮೊಣಕಾಲ ಮೇಲಿಟ್ಟು ಬರೆದೆ. 'ಹಿಂಗಾರಿ ಜೋಳ ಮತ್ತು ಕುಸುಬೆ ಬಿತ್ತನೆ ಮಾಡಿದ್ದು ಕಂಡುಬಂದಿರುತ್ತದೆ.' ಓದಿ ಹೇಳಿದೆ.

"ಚಲೋ ಬಂದದ ಅಂತನೂ ಬರಿ."

"ಅದು ಪಂಚನಾಮಿಗೆ ಬರಂಗಿಲ್ರಿ ಗೌಡ್ರ."

"ಬರದ್ರ ಸಹಿ. ಇಲ್ಲಂದ್ರ ಇಲ್ಲ."

'ಬೆಳೆಯು ಉತ್ತಮ ಸ್ಥಿತಿಯಲ್ಲಿದೆ' ಅಂತ ಸೇರಿಸಿದೆ. ಗೌಡರು ದೊಡ್ಡ ಅಕ್ಷರದಲ್ಲಿ, ಹಾಳೆ ಹರಿಯುವ ಹಾಗೆ ಒತ್ತಿ ಸಹಿ ಹಾಕಿದರು. ಪಕ್ಕದ ಹೊಲದ ಇಬ್ಬರು ಪಂಚರಾಗಿ ಹೆಬ್ಬೆರಳೊತ್ತಿದರು. ಮಗ ಕಾರು ಹತ್ತಿ ಹೋದ, ಊಟ ಮಾಡಲಿಲ್ಲ.

ನಾನು ಹೋಗಿ ತಾಟಿನ ಮುಂದೆ ಕೂತೆ. ರೊಟ್ಟಿ ಮುರಿದೆ. ಕಣ್ಣು ತುಂಬಿದವು. ಗೌಡಸಾನಿ ನೋಡಿದರು, ಸೌಟಿನಿಂದ ಇನ್ನೊಂದು ಕಡಬು ಹಾಕಿದರು. "ಬರದದ್ದು ಬರದಾತು. ಉಣ್ಣ ತಂಗಿ, ಭಜ್ಜಿ ಆರತದ," ಅಂದರು. ಗೌಡರು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಬಿತ್ತಿದ್ದು ಅಂತ ಜಮೀನಿನವರೇ ಸಹಿ ಹಾಕಿದ ಮೇಲೆ ಮುಖ್ಯಾಧಿಕಾರಿಗಳಿಗೂ ಬೇರೆ ದಾರಿ ಇರಲಿಲ್ಲ. ಅವರು ನನ್ನೊಂದಿಗೆ ಮಾತು ಬಿಟ್ಟರು; ಏನು ಹೇಳುವುದಿದ್ದರೂ ಚೀಟಿಯಲ್ಲಿ. ಹೊಸ ಪ್ಲ್ಯಾನಿನ ಕರಡಿನಲ್ಲಿ ಹಳ್ಳಕ್ಕೆ ಗೆರೆಯ ಬದಲು ಅಗಲ ಬಂತು, ಗೌಡರ ಹೊಲವೆಲ್ಲ ತಿಳಿನೀಲಿಯಾಯಿತು. ಆ ನೀಲಿ ಬಳಿಸಿದವಳು ನಾನೇ. ಸರಿಯಾದದ್ದನ್ನೇ ಮಾಡಿದೆ ಅಂತ ಗೊತ್ತಿತ್ತು. ಹಾಗಂತ ಸುಖವೇನೂ ಆಗಲಿಲ್ಲ. ಗೌಡರು ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ನಮಸ್ಕಾರ ಅಂದರೂ ಕೇಳದವರಂತೆ.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಬೆಳಗಿನಿಂದ ಬಿಡದೆ ಹೊಡೆಯಿತು. ಹಿಂದಿನ ವರ್ಷದಷ್ಟಲ್ಲ, ಆದರೆ ಗೌಡರ ಹೊಲಕ್ಕೂ ಮೊರಂ ಬಿದ್ದಿದ್ದರೆ ಓಣಿ ಮುಳುಗಿಸುವಷ್ಟು. ಮಧ್ಯಾಹ್ನ ಸ್ವಲ್ಪ ಹೊಳವಾದಾಗ ನಾನು ಕೊಡೆ ಹಿಡಿದು ಕೆಳಗಿನ ಓಣಿಗೆ ಓಡಿದೆ. ಹಳ್ಳ ಕೆಂಪಗೆ ಭೋರ್ಗರೆಯುತ್ತಿತ್ತು. ರೊಟ್ಟಿಯ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನೀರು ಮೆಟ್ಟಿಲ ಕೆಳಗೆ ಹರಿಯುತ್ತಿತ್ತು, ಮೇಲೆ ಬರಲಿಲ್ಲ. ಒಳಗೆ ಮುದುಕಿ ತನ್ನ ಹಾಸಿಗೆಯ ಮೇಲೇ ಮಲಗಿ ಯಾರನ್ನೋ ಬೈಯುತ್ತಿದ್ದಳು.

ವಾಪಸು ಬರುವಾಗ ಸೇತುವೆಯ ಮೇಲೆ ಗೌಡರು ಇದ್ದರು. ಬೈಕು ನಿಲ್ಲಿಸಿ, ತೊಯ್ದುಕೊಂಡೇ ಕಟಾಂಜನಕ್ಕೆ ಕೈ ಊರಿ ನಿಂತಿದ್ದರು. ಹೊಲ ಕಾಣುತ್ತಿರಲಿಲ್ಲ. ಬದುವಿನಿಂದ ಬದುವಿಗೆ ನೀರೇ ನೀರು. ದಾಟಿ ಹೋಗಬೇಕೆಂದಿದ್ದೆ, ಕಾಲು ಬರಲಿಲ್ಲ. ಸ್ವಲ್ಪ ದೂರದಲ್ಲಿ ನಿಂತೆ.

ಅವರು ನನ್ನ ಕಡೆ ನೋಡದೆಯೇ ಕೇಳಿದರು. "ಆ ರೊಟ್ಟಿ ಮಾಡಾಕಿ ಮನ್ಯಾಗ ನೀರು ಹೊಕ್ಕಿತೇನು?"

"ಇಲ್ರಿ."

ಗೌಡರು ಮುಖದ ಮೇಲಿನ ನೀರು ಒರೆಸಿಕೊಂಡರು.

"ಹಂಗಾದ್ರ ಇಲ್ಲೇ ನಿಂದರ್ಲಿ ಬಿಡು," ಅಂದರು.